ಕೆಂಪು ಬಟ್ಟೆ, ಬಿಸಿ ಡಾಂಬರು

ಪವಾಯಿಯಿಂದ ಮುಲುಂಡ್‌ಗೆ ಹೊರಟ ನಮ್ಮ ರಿಕ್ಷಾ ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ನಿಂತುಬಿಟ್ಟಿತು. ಮುಂದೆ ನಾಲ್ಕೈದು ಮಂದಿ ರಸ್ತೆಯ ಗುಂಡಿಗೆ ಹೊಗೆಯಾಡುವ ಡಾಂಬರು ತುಂಬುತ್ತಿದ್ದರು. ಅದು ಆರುವುದರೊಳಗೆ ರೋಲರ್ ಅದರ ಮೇಲೆ ಓಡಾಡಬೇಕಿತ್ತು. ಕೆಂಪು ಬಟ್ಟೆ ಹಿಡಿದ ಹೆಂಗಸೊಬ್ಬಳು ನಮ್ಮನ್ನೆಲ್ಲ ತಡೆದು ನಿಲ್ಲಿಸಿದ್ದಳು.

ಅಷ್ಟರಲ್ಲಿ ಹಿಂದಿನಿಂದ ಆಂಬುಲೆನ್ಸ್ ಕೂಗತೊಡಗಿತು. ಪಕ್ಕಕ್ಕೆ ಸರಿಯಲು ಯಾರಿಗೂ ಜಾಗವಿರಲಿಲ್ಲ.

“ಯೇ ಅಬ್ ಕಿಧರ್ ಸೇ ಜಾಯೇಗಾ?” ಎಂದ ರಿಕ್ಷಾದವನು, ಆಂಬುಲೆನ್ಸ್‌ಗೆ ದಾರಿ ಎಲ್ಲಿದೆ ಎಂದು ಹಿಂದೆ ಮುಂದೆ ನೋಡುತ್ತ.

“ನೀವು ರೋಲರ್ ನಿಲ್ಲಿಸಬ್ಯಾಡ್ರಿ,” ಎಂದು ಆ ಹೆಂಗಸು ಜೊತೆಯವರಿಗೆ ಕನ್ನಡದಲ್ಲಿ ಕೂಗಿ ಹೇಳಿದಳು. ಗುಂಡಿಯನ್ನು ದಾಟಿ ಹೋಗಿ, ಎದುರಿನಿಂದ ಬರುತ್ತಿದ್ದ ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತಳು. ಬಸ್ಸು ಅವಳಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಅದರ ಹಿಂದೆ ಲಾರಿಗಳು, ಕಾರುಗಳು, ಕಣ್ಣಿಗೆ ಕಾಣುವಷ್ಟು ದೂರದ ರಸ್ತೆಯೇ ನಿಂತಿತು. ತೆರವಾದ ಆ ಬದಿಯಿಂದ ಆಂಬುಲೆನ್ಸ್ ಗುಂಡಿಯನ್ನು ಬಳಸಿ, ಅವಳ ಸೆರಗನ್ನು ಹಾರಿಸುತ್ತ ಮುಂದೆ ಹೋಯಿತು.

ಸ್ವಲ್ಪ ಹೊತ್ತಿನಲ್ಲಿ ದಾರಿ ಬಿಟ್ಟಾಗ, ರಿಕ್ಷಾದಿಂದ ಬಗ್ಗಿ ಕೇಳಿದೆ: “ಹೆದರಿಕೆ ಆಗಲಿಲ್ಲವಾ?”

ಕನ್ನಡ ಕೇಳಿ ಅವಳ ಮುಖ ಅರಳಿತು. “ಆತ್ರೀ. ಕಾಲು ಇನ್ನೂ ನಡಗಾಕತ್ತಾವ. ಅದು ಬಸ್ಸಿನಾಂವಗ ಕಾಣಬಾರದಲ್ರೀ.”

ನಮ್ಮ ರಿಕ್ಷಾ ಹೊಸ ಡಾಂಬರಿನ ಮೇಲೆ ಒಂದಿಷ್ಟೂ ಕುಲುಕದೆ ಉರುಳಿತು.