ಅಕ್ಕ ಕೊಟ್ಟ ಸ್ಯಾಂಪಲ್ಲು

ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಲವತ್ತು ದಾಟಿದ ಮೇಲೆ ನನಗೊಂದು ಕಾಟ ಶುರುವಾಯಿತು. ಒಂದಕ್ಕೆ ಹೋಗಬೇಕು ಅನ್ನಿಸಿದರೆ ಆಗಿಂದಾಗಲೇ ಹೋಗಬೇಕು, ತಡೆಯುವ ಮಾತೇ ಇಲ್ಲ. ಹೋಗಿ ಬಂದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಅವಸರ. ಚಿಕ್ಕೇರೂರಿನಲ್ಲಿ ಬಸ್ಸು ಹತ್ತುವ ಮುಂಚೆ ನೀರು ಕುಡಿಯುವುದನ್ನು ಬಿಟ್ಟೆ. ಪಾಠ ಮಾಡುವಾಗ ನಾಲಿಗೆ ಒಣಗಿ ಮಾತು ತೊದಲಿದರೂ ಕುಡಿಯುತ್ತಿರಲಿಲ್ಲ.

ಬಟ್ಟೆ ಒದ್ದೆಯಾದೀತು ಎಂಬುದಷ್ಟೇ ನನ್ನ ಹೆದರಿಕೆಯಲ್ಲ. ನಮ್ಮ ದೊಡ್ಡವ್ವನಿಗೂ ಹೀಗೇ ಶುರುವಾಗಿತ್ತು. ಮಾಸೂರಿನ ಗದ್ದೆಯಲ್ಲಿ ಸಸಿ ಹಚ್ಚುವಾಗ ಆಕೆ ಪದೇ ಪದೇ ಬದುವಿನಾಚೆ ಎದ್ದು ಹೋಗುತ್ತಿದ್ದಳು. ಜೊತೆಯ ಹೆಣ್ಣುಮಕ್ಕಳು ಮುಸಿಮುಸಿ ನಗುತ್ತಿದ್ದರು. ಆಕೆ ಯಾರಿಗೂ ಏನೂ ಹೇಳಲಿಲ್ಲ. ದವಾಖಾನೆಗೆ ಒಯ್ಯುವ ಹೊತ್ತಿಗೆ ಮೂತ್ರಚೀಲದೊಳಗಿನ ಗಡ್ಡೆ ಕೈಮೀರಿ ಬೆಳೆದಿತ್ತು. ಪ್ರತಿ ಸಲ ಅವಸರವಾದಾಗಲೂ ನನಗೆ ಹಾಸಿಗೆ ಹಿಡಿದ ದೊಡ್ಡವ್ವನ ಮುಖವೇ ಕಾಣುತ್ತಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನನ್ನನ್ನು ಬೇರೆ ಶಾಲೆಯ ಕೊಠಡಿಯೊಂದಕ್ಕೆ ಹಾಕಿದರು. ಗೋಡೆಯ ಮೇಲೆ ಕ್ಯಾಮೆರಾ. ಬದಲಿಗೆ ಯಾರಾದರೂ ಬರದೆ ಬಾಗಿಲು ದಾಟುವಂತಿಲ್ಲ. ಅರ್ಧ ಪರೀಕ್ಷೆ ಮುಗಿಯುವಷ್ಟರಲ್ಲಿ ಕಿಬ್ಬೊಟ್ಟೆ ಹಿಂಡತೊಡಗಿತು. ವರಾಂಡದಲ್ಲಿ ಹೊರಟಿದ್ದ ಮುಖ್ಯ ಮೇಲ್ವಿಚಾರಕರನ್ನು ಬಾಗಿಲಿಂದಲೇ ಕರೆದೆ.

“ಸರ, ಒಂದೀಟು ಯಾರನ್ನರ ಕಳಸ್ರಿ. ನಾ ಹೊರಗ ಹೋಗಬೇಕಾಗೇತಿ.”

“ಸ್ವಲ್ಪ ತಡಕೊಳ್ರಿ ಟೀಚರ, ತಪಾಸಣಿಗೆ ಸ್ಕ್ವಾಡ್ ಬಂದೈತಿ,” ಎಂದು ಅವರು ನಡೆದೇಬಿಟ್ಟರು.

ನಾನು ಗೋಡೆಗೆ ಒರಗಿ ನಿಂತೆ. ಕಾಲು ಜೋಡಿಸಿದೆ, ಹಲ್ಲು ಕಚ್ಚಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಏನೋ ಕೇಳಲು ಕೈ ಎತ್ತಿದಳು. ಅವಳ ಕಡೆ ಒಂದು ಹೆಜ್ಜೆ ಇಟ್ಟದ್ದಷ್ಟೇ, ಬಿಸಿ ನೀರು ತೊಡೆಗುಂಟ ಇಳಿಯಿತು. ಅವತ್ತು ಉಟ್ಟದ್ದು ದಟ್ಟ ಬಣ್ಣದ ಸೀರೆ, ಯಾರಿಗೂ ಗೊತ್ತಾಗಲಿಲ್ಲ. ಆದರೆ ಹಿಂದಕ್ಕೆ ಸರಿದವಳು, ಗಂಟೆ ಬಾರಿಸಿ ಮಕ್ಕಳೆಲ್ಲ ಹೊರಗೆ ಹೋಗುವತನಕ ನಾನು ಆ ಗೋಡೆ ಬಿಟ್ಟು ಅಲುಗಲಿಲ್ಲ. ಉತ್ತರ ಪತ್ರಿಕೆಗಳನ್ನು ಮಕ್ಕಳೇ ತಂದು ನನ್ನ ಕೈಗೆ ಕೊಟ್ಟು ಹೋದರು.

ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕನನ್ನು ಕೊಟ್ಟದ್ದೂ ಮಾಸೂರಿಗೇ. ಅಳುತ್ತ ಎಲ್ಲ ಹೇಳಿದೆ. “ಹುಬ್ಬಳ್ಳಿಗೆ ಹೋಗೂಣು,” ಎಂದಳು ಅಕ್ಕ, “ನಾನೂ ಬರ್ತೇನಿ.”

ಹುಬ್ಬಳ್ಳಿಯ ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ಸೋಂಕಿಲ್ಲ, ರಕ್ತವಿಲ್ಲ, ಸ್ಕ್ಯಾನಿನಲ್ಲಿ ಗಡ್ಡೆಯಿಲ್ಲ ಎಂದರು. ಮೂತ್ರಚೀಲ ತುಂಬುವ ಮುಂಚೆಯೇ ಹಿಂಡಿಕೊಳ್ಳುತ್ತದೆ, ಅಷ್ಟೇ. ನಾನು ನಂಬಲಿಲ್ಲ. ಆಮೇಲೆ ಅವರು ಇನ್ನೊಂದು ಮಾತು ಎತ್ತಿದರು.

“ನಾವೊಂದು ಅಧ್ಯಯನ ಮಾಡಾಕತ್ತೇವ್ರಿ. ಈ ತೊಂದ್ರಿ ಇದ್ದವರ ಮೂತ್ರದಾಗ ಕೆಲವು ಪ್ರೋಟೀನು ಹೆಚ್ಚು ಕಡಿಮಿ ಇರ್ತಾವೇನೋ ಅಂತ ಹುಡುಕಾಕತ್ತೇವಿ. ಅದು ಖಾತ್ರಿ ಆತಂದ್ರ, ಮುಂದ ಕೆಲವರಿಗೆ ಮೂತ್ರದ ದಾರ್ಯಾಗ ನಳಿಗಿ ಹಾಕಿ ಪರೀಕ್ಷೆ ಮಾಡೂದು ತಪ್ಪಬಹುದು. ಈಗಿನ್ನ ಏನೂ ಖಾತ್ರಿ ಇಲ್ಲ. ಮನಸ್ಸಿದ್ರ ಸ್ಯಾಂಪಲ್ ಕೊಡ್ರಿ, ಒತ್ತಾಯ ಇಲ್ಲ.”

ಇಷ್ಟು ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದಲ್ಲ? “ಬ್ಯಾಡ್ರಿ ಮೇಡಂ,” ಎಂದೆ.

ಅಕ್ಕ ನನ್ನ ಮೊಣಕೈ ಹಿಡಿದಳು. “ದೊಡ್ಡವ್ವಂದು ಯಾರೂ ನೋಡ್ಲಿಲ್ಲ ತಂಗಿ. ನಿಂದು ನೋಡ್ತೇವಿ ಅಂತಾರ. ಕೊಡು.”

ಕೊಟ್ಟೆ. ಹೋಲಿಸಿ ನೋಡಲು ತೊಂದರೆಯಿಲ್ಲದ ಹೆಂಗಸರದೂ ಬೇಕು ಎಂದು ಡಾಕ್ಟರು ಅಕ್ಕನ ಕಡೆ ತಿರುಗಿದರು. ಅಕ್ಕ ನಗುತ್ತಲೇ ಒಪ್ಪಿದಳು. ಡಾಕ್ಟರು ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. “ಇಲ್ರಿ, ಇಲ್ರಿ,” ಎನ್ನುತ್ತಿದ್ದ ಅಕ್ಕ, ಅವಸರಕ್ಕೆ ಹೆದರಿ ಎಲ್ಲಿಗಾದರೂ ಹೋಗುವುದನ್ನು ಬಿಟ್ಟಿದ್ದೀರಾ ಎಂದು ಕೇಳಿದಾಗ ತಡವರಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಮದುವಿಗೆ ಹೋಗೂದು ಬಿಟ್ಟೇನ್ರಿ,” ಎಂದಳು. “ಅಲ್ಲೆ ಎಲ್ಲಿ ಹೋಗೂದ್ರಿ, ಯಾರನ್ನ ಕೇಳೂದ್ರಿ. ಮೊನ್ನಿ ಇಕಿ ಮಗಳ ಮದುವ್ಯಾಗೂ ತಲಿ ಬ್ಯಾನಿ ಅಂತ ಮಲಗಿದ್ನಿ.”

ನನ್ನ ಮಗಳ ಮದುವೆಗೆ ಬಾರದ್ದಕ್ಕೆ ಅಕ್ಕನ ಮೇಲೆ ನಾನು ಮುನಿಸಿಕೊಂಡಿದ್ದೆ. ಅವಳ ಕೈ ಹಿಡಿದು ಕೂತೆ.

ಹೋಲಿಕೆಗೆ ಅಕ್ಕನ ಸ್ಯಾಂಪಲ್ ಬರುವಂತಿರಲಿಲ್ಲ. ಆದರೂ ಡಾಕ್ಟರು ಅದನ್ನು ಮಾಮೂಲಿ ತಪಾಸಣೆಗೆ ಕಳಿಸಿದರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿತ್ತು. ಸ್ಕ್ಯಾನಿನಲ್ಲಿ ಏನೋ ಮಬ್ಬಾಗಿ ಕಂಡಿತು. ಕ್ಯಾಮೆರಾ ಹಾಕಿ ಒಳಗೇ ನೋಡಬೇಕು, ಮುಂದಿನ ವಾರ ಬನ್ನಿ ಎಂದರು.

ಆ ವಾರ ನನ್ನ ಅವಸರವನ್ನೂ ನಾನು ಮರೆತೆ. ಕಣ್ಣೆದುರಿನ ದೊಡ್ಡವ್ವನ ಮುಖಕ್ಕೆ ಈಗ ಅಕ್ಕನ ಕುಂಕುಮ, ಅಕ್ಕನ ಮೂಗುಬಟ್ಟು ಬಂದಿತ್ತು. ಫೋನಿನಲ್ಲಿ ಇಬ್ಬರೂ ಅಡಿಗೆಯ ಮಾತಾಡುತ್ತಿದ್ದೆವು. ಒಮ್ಮೆ ಮಾತ್ರ ಅಕ್ಕ, “ನನಗೇನರ ಆದ್ರ ಮನ್ಯಾಗ ನೀನ ಹೇಳು. ನನ್ನ ಬಾಯಾಗ ಬರೂದಿಲ್ಲ,” ಎಂದಳು. ನಾನು ಬೈದು ಫೋನ್ ಇಟ್ಟೆ.

ಪರೀಕ್ಷೆಯ ದಿನ ಅಕ್ಕನನ್ನು ಒಳಗೆ ಕರೆದೊಯ್ದರು. ಹೊರಗಿನ ಕುರ್ಚಿಯಲ್ಲಿ ಕೂತ ನಾನು ಪ್ರತಿ ಬಾಗಿಲ ಸದ್ದಿಗೂ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಡಾಕ್ಟರೇ ಹೊರಗೆ ಬಂದರು.

“ಹಳ್ಳು ರೀ, ಮೂತ್ರದ ಕಲ್ಲು,” ಎಂದರು. “ಗಡ್ಡಿ ಅಲ್ಲ. ತಗದೇವಿ.”

ಅವರೇ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಅಕ್ಕನ ತೊಂದರೆ ಬಹುಮಟ್ಟಿಗೆ ಅದರೊಂದಿಗೇ ಹೋಯಿತು. ನನ್ನದು ಹೋಗಿಲ್ಲ. ಗುಳಿಗೆ ಇದೆ, ವ್ಯಾಯಾಮ ಇದೆ, ಚಹಾ ಕಡಿಮೆ ಮಾಡಿದ್ದೇನೆ, ಅವಸರವನ್ನು ಸ್ವಲ್ಪ ಸ್ವಲ್ಪವೇ ಮುಂದೂಡುವುದನ್ನು ಕಲಿಯುತ್ತಿದ್ದೇನೆ. ನನ್ನ ಸ್ಯಾಂಪಲ್ಲಿನಲ್ಲಿ ಯಾವ ಪ್ರೋಟೀನು ಸಿಕ್ಕಿತೋ ಗೊತ್ತಿಲ್ಲ, ಒಬ್ಬೊಬ್ಬರಿಗೆ ಅದನ್ನು ಹೇಳುವುದಿಲ್ಲವಂತೆ. ಹೆದರಿಕೆ ಈಗಲೂ ಬರುತ್ತದೆ. ಬಂದಾಗ ಅಕ್ಕನಿಗೆ ಫೋನ್ ಹಚ್ಚುತ್ತೇನೆ. “ಒಂದಕ್ಕ ಹೋಗಿ ಬಂದು ಮಾತಾಡು,” ಎನ್ನುತ್ತಾಳೆ.