ಹನ್ನೊಂದು ಮೇಲ್ವಿಚಾರಕಿಯರು

ಆಸ್ಪತ್ರೆಗಳ ಬಟ್ಟೆ ಒಗೆದುಕೊಡುತ್ತಿದ್ದ ಲಾಂಡ್ರಿಗೆ ಬೀಗ ಬಿದ್ದಾಗ ಹನ್ನೊಂದು ಹೆಂಗಸರು ಕೆಲಸ ಕಳಕೊಂಡರು. ಅವರಲ್ಲಿ ಇಸ್ತ್ರಿ ಅಕ್ಕನೂ ಒಬ್ಬಳು. ಹತ್ತೊಂಬತ್ತು ವರ್ಷ ಇಸ್ತ್ರಿ ಯಂತ್ರದ ಮುಂದೆ ನಿಂತವಳು ಈಗ ಆರು ತಿಂಗಳಿಂದ ಮಗಳ ಮನೆಯಲ್ಲಿ ಕೂತಿದ್ದಳು. ಅಳಿಯ ಪಾಪ, ತುಟಿಪಿಟಕ್ ಎಂದವನಲ್ಲ. ಆದರೂ ತಟ್ಟೆ ಮುಂದೆ ಕೂತರೆ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಲ್ಲಾದರೂ ಒಂದು ಕೆಲಸ ಸಿಗಲೇಬೇಕಿತ್ತು.

ದೊಡ್ಡ ಹೋಟೆಲೊಂದರ ಲಾಂಡ್ರಿಗೆ ಜನ ಬೇಕಂತೆ, ಇಂಗ್ಲಿಷ್ ರೆಸ್ಯೂಮೆ ತರಬೇಕಂತೆ ಎಂದು ಸುದ್ದಿ ಬಂತು. ಇವರದೊಂದು ಹಳೇ ರೂಢಿ: ಒಬ್ಬಳು ರಜೆ ಚೀಟಿ ಬರೆಸಿದರೆ ಉಳಿದವರೆಲ್ಲ ಹೆಸರು ಬದಲಿಸಿ ಅದನ್ನೇ ಕೊಡುವುದು. ಇಲ್ಲೂ ಅದನ್ನೇ ಮಾಡಿದರು ನೋಡಿ! ಯಾರದೋ ತಂಗಿ ಮಗ ಟೈಪ್ ಮಾಡಿಕೊಟ್ಟ ಒಂದೇ ರೆಸ್ಯೂಮೆ, ಹೆಸರಿನ ಜಾಗ ಖಾಲಿ, ಹನ್ನೊಂದು ಜೆರಾಕ್ಸು.

ಹೋಟೆಲಿನ ಅಧಿಕಾರಿ ಇಸ್ತ್ರಿ ಅಕ್ಕ ಕೊಟ್ಟ ಕಾಗದ ನೋಡಿ ಕನ್ನಡಕ ತೆಗೆದಳು.

"ಹತ್ತು ಜನರ ಮೇಲ್ವಿಚಾರಕಿ ಅಂತ ಬರೆದಿದೆ. ಬೆಳಗಿಂದ ಏಳು ಜನ ಬಂದ್ರು, ಏಳೂ ಜನ ಮೇಲ್ವಿಚಾರಕಿಯರೇ! ಹಾಗಾದ್ರೆ ಬಟ್ಟೆ ಒಗೀತಿದ್ದೋರು ಯಾರಮ್ಮಾ?"

ಇಸ್ತ್ರಿ ಅಕ್ಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಹೋಗುವುದೆಲ್ಲಿಗೆ? ಮತ್ತೆ ಅದೇ ತಟ್ಟೆ ಮುಂದಕ್ಕೆ.

"ತಪ್ಪಾಯ್ತು ಮೇಡಂ. ಅದನ್ನ ಹರಿದು ಹಾಕಿ. ನಾನು ಮಾಡಿದ್ದು ಹೇಳ್ತೀನಿ, ನೀವೇ ಬರ್ಕೊಳ್ಳಿ."

ದಿನಕ್ಕೆ ನಾನೂರು ಹಾಸುಬಟ್ಟೆ ಇಸ್ತ್ರಿ. ಆಪರೇಷನ್ ಕೋಣೆಯ ಬಟ್ಟೆಯನ್ನು ಬೇರೆಯದರ ಜೊತೆ ಒಂದು ದಿನವೂ ಬೆರೆಸಿದ್ದಿಲ್ಲ. ಒಂದೊಂದನ್ನೂ ಕೊಡವಿ ನೋಡಿ, ಸಿಕ್ಕ ಕತ್ತರಿ, ಸೂಜಿ ವಾಪಸ್ ಕಳಿಸಿದ್ದು. ಹೊಸದಾಗಿ ಬಂದ ನಾಲ್ವರಿಗೆ ಕೈ ಸುಟ್ಟುಕೊಳ್ಳದ ಹಾಗೆ ಕೆಲಸ ಕಲಿಸಿದ್ದು. ಅಧಿಕಾರಿ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾ ಹೋದಳು. ಮುಗಿದ ಮೇಲೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದಳು. ಅಯ್ಯೋ, ಇಷ್ಟೆಲ್ಲಾ ಮಾಡಿದ್ದು ತಾನೇನಾ? ಇಸ್ತ್ರಿ ಅಕ್ಕನ ಕಣ್ಣು ತುಂಬಿ ಬಂತು.

"ಸರಿಯಾಗಿದೆಯಾ?"

"ಒಂದು ಬಿಟ್ಟುಹೋಯ್ತು ಮೇಡಂ. ಡಾಕ್ಟರದ್ದು ಒಂದು ಕೋಟು ಸುಟ್ಟಿದ್ದೀನಿ. ಅದನ್ನೂ ಹಾಕಿ. ಆಮೇಲೆ ಗೊತ್ತಾಗಿ ನೀವು ಬೈಯೋದು ಬೇಡ."

"ಹತ್ತೊಂಬತ್ತು ವರ್ಷಕ್ಕೆ ಒಂದೇನಾ?"

"ಒಂದೇ."

ಅಧಿಕಾರಿ ಮತ್ತೆ ಕನ್ನಡಕ ಹಾಕಿಕೊಂಡಳು. "ಇದನ್ನ ಎಲ್ಲಕ್ಕಿಂತ ಮೇಲೆ ಬರೀತೀನಿ. ಸೋಮವಾರ ಏಳು ಗಂಟೆಗೆ ಬಂದ್ಬಿಡಿ."