ಬದುವಿನ ತೇಗ, ನಮ್ಮ ಮನೆ ಬಾಗಿಲು

“ಬಾಗಿಲು ಎಲ್ಲೈತ್ರಿ ಸಾರ್?”

ಹೋದ ತಿಂಗಳು ನಮ್ಮ ಮೇಸ್ತ್ರಿ ದಿನಾ ಬೆಳಗ್ಗೆ ಫೋನ್ ಮಾಡಿ ಕೇಳ್ತಿದ್ದ ಪ್ರಶ್ನೆ ಇದು. ಹೊನ್ನಾಳಿಯಲ್ಲಿ ಮನೆ ಕಟ್ಟಿಸ್ತಿದ್ದೀವಿ. ಹೆಬ್ಬಾಗಿಲ ಚೌಕಟ್ಟು ನಿಲ್ಲಿಸಿ ಪೂಜೆ ಮಾಡದೆ ಗೋಡೆ ಮೇಲೇಳಲ್ಲ. ಚೌಕಟ್ಟು ಎಲ್ಲಿತ್ತು? ಎಲ್ಲೂ ಇರಲಿಲ್ಲ.

ಆರ್ಡರ್ ಕೊಟ್ಟಿದ್ದು ನ್ಯಾಮತಿಯ ಸರೋಜಕ್ಕನ ಸಾಮಿಲ್ಲಿಗೆ. ಗಂಡ ತೀರಿಕೊಂಡ ಮೇಲೆ ಮಿಲ್ಲು ನಡೆಸ್ತಿರೋದು ಅವರೇ. ಹೋಗಿ ನೋಡಿದರೆ ಗರಗಸ ನಿಂತಿದೆ. ಅಂಗಳದಲ್ಲಿ ಒಂದು ದಿಮ್ಮಿ ಇಲ್ಲ. ಮರ ಕೊಯ್ಯುವವರು ಮೆಕ್ಕೆಜೋಳದ ಮೂಟೆ ಹೊರಾಕೆ ಹೋಗಿದ್ದಾರೆ.

“ಮರ ಬರೋದೇ ನಿಂತೈತೆ ಸಾರ್. ಮಿಷಿನ್ ಕೇಳಾಕೆ ಪಾರ್ಟಿ ಬಂದಿದ್ರು. ಕೊಟ್ಬಿಡ್ತೀನಿ” ಅಂದರು.

“ಸವಳಂಗದ ಕಡೆ ಹೊಲದ ಬದುವಿನ ಮೇಲೆ ಬೇಕಾದಷ್ಟು ತೇಗ ಐತಲ್ರಿ?”

“ಐತೆ. ಕಡಿದ್ರೆ ಕೇಸ್ ಆಗ್ತೈತೆ ಅಂತ ರೈತರು ಹೆದರ್ತಾರೆ. ಪರ್ಮಿಟ್ ಇಲ್ಲದ ಮರ ನಾನೂ ಮುಟ್ಟಲ್ಲ.”

ಬರಿಗೈಲಿ ವಾಪಸ್ ಬಂದೆ. (ನನ್ನ ಹೆಂಡತಿ ಆಗಲೇ ಸ್ಟೀಲ್ ಬಾಗಿಲಿನ ಫೋಟೋ ಕಳಿಸಾಕೆ ಶುರು ಮಾಡಿದ್ದಳು.)

ವಾರ ಕಳೆದು ಸರೋಜಕ್ಕನ ಫೋನ್. ಚನ್ನಗಿರಿ, ಜಗಳೂರಿನ ಮಿಲ್ಲಿನವರ ಜೊತೆ ಸೇರಿ, ರೈತರ ಹೆದರಿಕೆ ಬಿಡಿಸಿ ಅಂತ ಮನವಿ ಕೊಟ್ಟಿದ್ದರಂತೆ. “ಅರಣ್ಯ ಇಲಾಖೆಯೋರು ಸವಳಂಗಕ್ಕೆ ಬರ್ತಾರಂತೆ. ನೀವೂ ಬರ್ರಿ. ನಿಮ್ಮಂಥ ಪೇಪರಿಗೆ ಬರೆಯೋರು ಇದ್ರೆ ಒಂದು ಭಯ ಇರ್ತೈತೆ.” (ಯಾರಿಗೆ? ಅದು ಮಾತ್ರ ಗೊತ್ತಾಗಲಿಲ್ಲ.)

ಭಾಷಣ ಕೇಳೋ ಮನಸ್ಸು ಮಾಡ್ಕೊಂಡೇ ಹೋದೆ. ಬಂದಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೈಕ್ ಮುಟ್ಟಲಿಲ್ಲ. “ಯಾರ ಹೊಲ ಹತ್ರ ಐತೆ?” ಅಂದರು. ಬಸಣ್ಣ ಅನ್ನೋ ರೈತ ಅನುಮಾನದಿಂದಲೇ ಕೈ ಎತ್ತಿದ. ಎಲ್ಲರೂ ಅವನ ಹೊಲಕ್ಕೆ ನಡೆದೆವು. ಜೊತೆಗೆ ಸರ್ವೆಯರ್ ಕೂಡ.

“ಈ ಮರ ನೆಟ್ಟೋರು ಯಾರು?”

“ನಮ್ಮಪ್ಪ.”

“ಮತ್ಯಾಕೆ ಹೆದರ್ತೀರಿ? ನಿಮ್ಮ ಮರ. ಅರ್ಜಿ ಹಾಕ್ರಿ, ಪರ್ಮಿಟ್ ಕೊಡೋದು ನಮ್ಮ ಕೆಲಸ.”

“ಇದನ್ನ ಮೊದ್ಲೇ ಹೇಳಬಾರದಿತ್ತೇನ್ರಿ ಮೇಡಂ?” ಬಸಣ್ಣನಿಗೆ ಸಿಟ್ಟೇ ಬಂದಿತ್ತು.

ಈಗ ಜಗಳ ಆಗುತ್ತೆ ಅಂದುಕೊಂಡೆ. ಆಕೆ ತಲೆಯಾಡಿಸಿದರು. “ಹೇಳಬೇಕಿತ್ತು. ಅದಕ್ಕೇ ಬಂದೀನಿ.”

ಅಲ್ಲೇ ಹೊಲದಲ್ಲೇ ಅರ್ಜಿ ಬರೆಸಿಕೊಂಡರು. ಸರ್ವೆಯರ್ ಬದು ಅಳೆದರು. ಕಡಿಯೋ ಮರಕ್ಕೆ ಗುರುತು ಬಿತ್ತು. ಒಂದು ಮರದ ಹತ್ತಿರ ಬಸಣ್ಣ ಬೊಡ್ಡೆ ಸವರಿದ. “ಇದೊಂದು ಇರ್ಲಿ ಮೇಡಂ. ಅಪ್ಪ ಎಲ್ಲಕ್ಕಿಂತ ಮೊದ್ಲು ನೆಟ್ಟಿದ್ದು.” ಇರಲಿ ಅಂದರು. ಕಡಿದಷ್ಟು ಜಾಗಕ್ಕೆ ನೆಡಾಕೆ ಅಂತ ಜೀಪಿನಿಂದ ಸಸಿಗಳನ್ನು ಇಳಿಸಿಕೊಟ್ಟರು.

ಪರ್ಮಿಟ್ ಬಂತು. ಮಿಲ್ಲಿಗೆ ಲೋಡೂ ಬಂತು. ನಾನು ಎದುರಿಗೆ ನಿಂತಿದ್ದಾಗಲೇ ಸರೋಜಕ್ಕ ಆ ಪಾರ್ಟಿಗೆ ಫೋನ್ ಹಚ್ಚಿ, “ಮಿಷಿನ್ ಕೊಡಲ್ಲ ಕಣ್ರಿ” ಅಂದವರೇ ಗರಗಸಕ್ಕೆ ಕುಂಕುಮ ಇಟ್ಟು ಸ್ವಿಚ್ ಒತ್ತಿದರು. ಮೂಟೆ ಹೊರಾಕೆ ಹೋದವರು ವಾಪಸ್ ಬಂದಿದ್ದರು. ಆ ಕಿವಿ ಕಿತ್ತುಹೋಗೋ ಸದ್ದು ನನಗೆ ನಾದಸ್ವರದ ಹಾಗೆ ಕೇಳಿಸಿತು ಅಂದರೆ ನಂಬ್ತೀರಾ?

ನಮ್ಮ ಚೌಕಟ್ಟು ನಿಂತಿತು. ಪೂಜೆ ಮುಗಿಸಿ ಆ ಅಧಿಕಾರಿಗೆ ಒಂದು ಮಾತು ಹೇಳೋಣ ಅಂತ ಕಚೇರಿಗೆ ಫೋನ್ ಮಾಡಿದೆ.

“ಏನು ಕಂಪ್ಲೇಂಟ್ ಸಾರ್?”

“ಕಂಪ್ಲೇಂಟ್ ಇಲ್ಲ. ಥ್ಯಾಂಕ್ಸ್ ಹೇಳಬೇಕಿತ್ತು.”

ಆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ, “ಅದಕ್ಕೆ ಯಾರಿಗೆ ಕನೆಕ್ಟ್ ಮಾಡ್ಲಿ ಸಾರ್?”

ದೂರು ಕೊಡಾಕೆ ಅಷ್ಟೊಂದು ನಂಬರ್ ಇಟ್ಕೊಂಡಿರೋ ನಾವು, ಕೃತಜ್ಞತೆಗೆ ಒಂದಾದರೂ ಇಟ್ಕೋಬಾರದಾ?